ಕಾಲು ಗಂಟೆಗೊಮ್ಮೆ

ಉತೆನಾ ಊರಿನ ಆಸ್ಪತ್ರೆ, ಮೂರನೆಯ ಮಹಡಿ, ಜನವರಿ.
ಕಿಟಕಿ ತೆರೆದರೆ ನಾಲ್ಕೇ ಬೆರಳು.
ರಾತ್ರಿಪಾಳಿಗೆ ನಾನು, ಒಂದು ಟಾರ್ಚು,
ಹಲಗೆಗೆ ಸಿಕ್ಕಿಸಿದ ಒಂದು ಹಾಳೆ:
ಹದಿನೈದು ನಿಮಿಷಕ್ಕೊಂದು ಗೆರೆ,
ಗೆರೆಯ ಮೇಲೊಂದು ಪದ, ಪಕ್ಕದಲ್ಲಿ ಸಹಿ.
ಇದ್ದಾರೆ. ಇದ್ದಾರೆ. ಇದ್ದಾರೆ.

ಏಳನೆಯ ಕೋಣೆಯಲ್ಲಿ ಜಿಗ್ಮಾಸ್. ಅರವತ್ತೊಂದು ವರ್ಷ.
ಕೈಗಡಿಯಾರ, ಕೀಲಿಕೈ, ಕೋಟು ನಮ್ಮ ಬೀರುವಿನಲ್ಲಿ.
ಮಾತು ಮಾತ್ರ ಅವರ ಬಳಿಯೇ, ಬೀಗ ಜಡಿದು.

ಮೊದಲ ರಾತ್ರಿ ನಾನೊಂದು ತಪ್ಪು ಮಾಡಿದೆ.
"ಎಲ್ಲ ಸರಿಹೋಗುತ್ತದೆ" ಅಂದೆ.
ಗೋಡೆಯ ಕಡೆ ಹೊರಳಿದರು,
ಬೇಡದ ಸಾಮಾನು ಮಾರಲು ಬಂದವಳ ಮುಂದೆ
ಬಾಗಿಲು ಹಾಕಿಕೊಂಡಂತೆ.

ಗೆನೊವೈತೆ, ನಿವೃತ್ತಿಗೆ ಐದೇ ತಿಂಗಳು ಉಳಿದವಳು,
ಚಹಾಕ್ಕೆ ಊದುತ್ತ ಹೇಳಿದಳು:
"ಸರಿಹೋಗುತ್ತದೋ ಇಲ್ಲವೋ, ನಿನಗೇನು ಗೊತ್ತು?
ಗೊತ್ತಿರುವುದನ್ನು ಹೇಳು.
ಮೂರೂಕಾಲಿಗೆ ಬರುತ್ತೇನೆ ಅನ್ನು.
ಮೂರೂಕಾಲಿಗೆ ಬಾ.
ಟಾರ್ಚು ಮುಖಕ್ಕಲ್ಲ, ನೆಲಕ್ಕೆ.
ಸಾಯಬೇಕು ಅನಿಸುತ್ತಿದೆಯಾ ಅಂತ ಕೇಳಲು ಹೆದರಬೇಡ.
ಆ ಪದ ನೀನು ಕಲಿಸಬೇಕಾದ್ದಲ್ಲ,
ಅವರೊಬ್ಬರೇ ಹೊತ್ತು ನಿಂತಿದ್ದಾರೆ.
ಒಂದು ತುದಿ ಹಿಡಿ."

ಕೇಳಿದೆ, ನೆಲದ ಮೇಲಿನ
ಬೆಳಕಿನ ಬಿಲ್ಲೆಯನ್ನು ಕೇಳುವವಳಂತೆ.
"ಹೂಂ" ಅಂದರು.
"ಈಗಲೂ?"
"ಈಗ... ಸ್ವಲ್ಪ."
ಕುರ್ಚಿ ಎಳೆದು ಕೂತೆ. ಮುಂದೇನೂ ತೋಚಲಿಲ್ಲ.
ಹೊರಗೆ ಹಿಮ ತೆಗೆಯುವ ಬಂಡಿ
ರಸ್ತೆಯ ತಳ ಕೆರೆಯುತ್ತಿತ್ತು.
ಹಾಳೆಯ ಕೊನೆಗೆ ಒಂದು ಚೌಕ:
ಭರವಸೆ, ಸೊನ್ನೆಯಿಂದ ಹತ್ತರೊಳಗೆ.
ಖಾಲಿ ಬಿಟ್ಟೆ.

ನಾಲ್ಕನೆಯ ರಾತ್ರಿ ಅವರೇ ಕೇಳಿದರು: "ಹೊರಗೆ ಎಷ್ಟು ಚಳಿ?"
"ಸೊನ್ನೆಗಿಂತ ಹದಿನಾಲ್ಕು ಕೆಳಗೆ."
ತುಂಬ ಹೊತ್ತು ಸುಮ್ಮನಿದ್ದರು.
"ಒಂಬತ್ತು ಪೆಟ್ಟಿಗೆ ಜೇನಿದೆ ನನ್ನದು. ನೋಡುವವರಿಲ್ಲ."

ಜೇನೆಂದರೆ ನನಗೆ ಬ್ರೆಡ್ಡಿನ ಮೇಲೆ ಸವರುವುದಷ್ಟೆ.
"ಯಾರನ್ನಾದರೂ ಕಳಿಸಿ ತೆರೆದು ನೋಡಿಸಲೇ?"
ಎದ್ದೇ ಕೂತರು. "ತೆರೆಯುವುದೇ!
ಚಳಿಗಾಲದಲ್ಲಿ ಗೂಡು ತೆರೆಯಬಾರದು,
ಇದ್ದಬದ್ದ ಬಿಸಿಯೂ ಹೋಗುತ್ತದೆ.
ಒಳಗೆ ಅವು ಮುದ್ದೆಯಾಗಿ, ಒಂದಕ್ಕೊಂದು ಅಂಟಿಕೊಂಡು,
ಅಂಚಿನವು ನಡುವಿಗೆ, ನಡುವಿನವು ಅಂಚಿಗೆ,
ನಿಮ್ಮ ಹಾಗೇ ಪಾಳಿ ಬದಲಿಸಿಕೊಂಡು
ಸಣ್ಣ ಜ್ವರವೊಂದನ್ನು ಕಾಪಾಡಿಕೊಳ್ಳುತ್ತವೆ.
ಒಂದು ಬೆರಳಿನಿಂದ ತಟ್ಟಬೇಕು. ಕಿವಿಯಿಡಬೇಕು.
ಹೂಂ ಅಂದರೆ ಸಾಕು, ಬಂದುಬಿಡಬೇಕು.
ಮಾರ್ಚಿನ ತನಕ ಅಷ್ಟೇ ಕೆಲಸ."

ಆಮೇಲೆ, ನನಗೂ ಗೊತ್ತಿರುವ ಸಂಗತಿಯನ್ನು
ಮಗುವಿಗೆ ಹೇಳುವಂತೆ ಹೇಳಿದರು:
ದನ ಸತ್ತರೆ ನಮ್ಮ ಭಾಷೆಯಲ್ಲಿ ಒಂದು ಪದ,
ಜೇನು ಸತ್ತರೆ ಮನುಷ್ಯರಿಗೆ ಹೇಳುವ ಪದವೇ.
ಗೆಳೆಯ ಅನ್ನುವ ಮಾತು ಹುಟ್ಟಿದ್ದೂ ಜೇನಿನಿಂದ.

ಪಕ್ಕದ ಮನೆಯ ಲಿಯೊಕಾದಿಯಾಗೆ ಫೋನು ಮಾಡಿದೆ.
ಮೊಣಕಾಲುದ್ದ ಹಿಮ ತುಳಿದು ಹೋದಳಂತೆ,
ಟೋಪಿ ತೆಗೆದು ಒಂದೊಂದಕ್ಕೂ ಕಿವಿಯಿಟ್ಟಳಂತೆ.
ಎಂಟು ಹೂಂ ಅಂದವು. ಒಂದು ಸುಮ್ಮನಿದೆ.

ಬಾಗಿಲಲ್ಲಿ ನಿಂತು ಯೋಚಿಸಿದೆ.
ಒಂಬತ್ತೂ ಅನ್ನುವುದು ಎಷ್ಟು ಸುಲಭ.
ನಾಲಗೆಯ ತುದಿಯಲ್ಲೇ ಇತ್ತು ಸುಳ್ಳು, ಬೆಲ್ಲದ ಚೂರಿನಂತೆ.
ಗೊತ್ತಿರುವುದನ್ನು ಹೇಳು.
ಹೇಳಿದೆ.

ಅತ್ತರು. ಬಂದ ದಿನದಿಂದ ಮೊದಲ ಸಲ,
ಮೂಗು ಸೊರಗುಡುತ್ತ, ನಾಚಿಕೆಯಿಲ್ಲದೆ.
ನಾನು ಏನು ಮಾಡಿಬಿಟ್ಟೆನೋ ಎಂದು ಕೈ ತಣ್ಣಗಾಯಿತು.
ಆಮೇಲೆ ಕೇಳಿದರು: "ಯಾವುದು?"
"ಎಡದಿಂದ ಮೂರನೆಯದು."
"ಓ, ಅದಾ."
ತೋಳಿನಿಂದ ಮುಖ ಒರೆಸಿಕೊಂಡರು.
"ಅದರ ದನಿಯೇ ಸಣ್ಣದು. ಇನ್ನಷ್ಟು ಹತ್ತಿರ ಕಿವಿಯಿಡಬೇಕಿತ್ತು."

ಮಾರ್ಚಿನ ಮಾತು ನನಗೆ ತಿಳಿಯದು.
ಮೂರೂಕಾಲು ಮಾತ್ರ ತಿಳಿಯುತ್ತದೆ.
ಏಳನೆಯ ಕೋಣೆಯ ಚೌಕಟ್ಟಿಗೆ ಒಂದು ಬೆರಳು ತಟ್ಟುತ್ತೇನೆ.
ಕತ್ತಲೊಳಗಿಂದ, ನಿದ್ದೆಗೂ ಎಚ್ಚರಕ್ಕೂ ನಡುವೆ,
"ಹೂಂ."

ಇದ್ದಾರೆ, ಎಂದು ಬರೆಯುತ್ತೇನೆ.
ಚೌಕ ಇನ್ನೂ ಖಾಲಿ.
ಪಕ್ಕದಲ್ಲಿ ಪೆನ್ಸಿಲಿನಿಂದ, ಬೆಳಗಿನ ಪಾಳಿಯವರಿಗೆ:
ಎಡದಿಂದ ಮೂರನೆಯದು,
ಇನ್ನೊಮ್ಮೆ ಕೇಳಿಸಿಕೊಳ್ಳಬೇಕು.